ಹಾಸನದಿಂದ ವೈಜಾಗ್‌ಗೆ ಹೊರಟಿದ್ದೀವಿ, ಜೊತೇಲಿ ಅಪ್ಪ ಮತ್ತೆ ಇಬ್ರು ಮಕ್ಕಳು. ಕುರ್ಸುರಾ ಸಬ್‌ಮೆರೀನ್, ವಾರ್ ಮೆಮೋರಿಯಲ್ ನೋಡೋದಾ ಇಲ್ಲ ಆ ಟೈಮನ್ನೂ ಅರಕು ಕಣಿವೆಗೇ ಕೊಡೋದಾ?

ಸಬ್‌ಮೆರೀನ್ ನೋಡಿ ಕಣ್ರೀ. ಅರಕುನಲ್ಲಿ ತೋರಿಸೋದು ಮತ್ತದೇ ಕಾಫಿ ಗಿಡ, ಮೆಣಸಿನ ಬಳ್ಳಿ, ಮಂಜು. ಅದಕ್ಕೆ ಹಾಸನದೋರು ಸಾವಿರ ಕಿಲೋಮೀಟರ್ ಮೇಲೆ ಹೋಗ್ಬೇಕಾ, ಸಕಲೇಶಪುರಕ್ಕೆ ಹೋದ್ರೆ ಸಾಕಲ್ವಾ. ಬೊರ್ರಾ ಗುಹೆ ಮಾತ್ರ ಬಿಡಬೇಡಿ, ಅದರ ಲೆಕ್ಕ ಬೇರೆ. ನಾನು ಚಿಕ್ಕಮಗಳೂರಿನೋನು, ಹೆಂಡತಿ, ಮಗಳು, ಅತ್ತೆ ಎಲ್ರನ್ನೂ ಕಟ್ಕೊಂಡು ಹೋಗಿದ್ದೆ, ಬಂದ್ಮೇಲೆ ಮನೇಲಿ ಮಾತು ಬಂದಿದ್ದೆಲ್ಲ ಕುರ್ಸುರಾದ್ದೇ.

ಆರ್‌ಕೆ ಬೀಚಲ್ಲಿ ರಸ್ತೆ ಪಕ್ಕ ಮರಳ ಮೇಲೇ ನಿಲ್ಲಿಸಿದ್ದಾರೆ, 91 ಮೀಟರ್ ಉದ್ದ, ಕಪ್ಪಗೆ. ಮಾಡೆಲ್ ಅಲ್ಲ, ನಿಜವಾದ್ದೇ. ಸೋವಿಯತ್ ರಷ್ಯಾದೋರು ಕಟ್ಟಿದ್ದು, 1969ರ ಡಿಸೆಂಬರ್‌ನಲ್ಲಿ ರೀಗಾ ಬಂದರಲ್ಲಿ ನಮ್ಮ ನೌಕಾಪಡೆಗೆ ಸೇರ್ತು, 31 ವರ್ಷ ದುಡಿದು 2001ರಲ್ಲಿ ರಿಟೈರ್ ಆಯ್ತು, ಆಮೇಲೆ ದಡಕ್ಕೆ ಎಳೆದು 2002ರಲ್ಲಿ ಮ್ಯೂಸಿಯಂ ಮಾಡಿದ್ರು.

ಒಳಗೆ ಹೋದ್ರೆ ಗೊತ್ತಾಗೋದು ಅದು ಎಷ್ಟು ಇಕ್ಕಟ್ಟು ಅಂತ. ಎದುರಿಗೆ ಒಬ್ರು ಬಂದ್ರೆ ನಾವು ಗೋಡೆಗೆ ಅಂಟ್ಕೋಬೇಕು, ಆ ಗೋಡೆ ತುಂಬಾನೂ ಪೈಪು, ವಾಲ್ವು, ಮೀಟರ್ರು, ಬರೀ ಗೋಡೆ ಅಂತ ಅಂಗೈಯಗಲ ಜಾಗಾನೂ ಸಿಗಲ್ಲ. ಒಂದು ಕಂಪಾರ್ಟ್‌ಮೆಂಟಿಂದ ಇನ್ನೊಂದಕ್ಕೆ ಹೋಗೋ ಬಾಗಿಲು ಗುಂಡಗೆ ಸಣ್ಣದು, ತಲೆ ತಗ್ಗಿಸಿ ಮೊದಲು ಒಂದು ಕಾಲು ದಾಟಿಸಿ ಆಮೇಲೆ ಮೈ ತೂರಿಸ್ಬೇಕು. ಒಟ್ಟು ಏಳು ಕಂಪಾರ್ಟ್‌ಮೆಂಟು. ಟಾರ್ಪಿಡೊ ಇಡೋ ರೂಮಲ್ಲೇ ಮಲಗೋ ಹಲಗೆಗಳೂ ಇವೆ, ಅಂದ್ರೆ ಜನ ಸಿಡಿಮದ್ದಿನ ಪಕ್ಕಾನೇ ನಿದ್ದೆ ಮಾಡ್ತಿದ್ರು. ಅಲ್ಲಲ್ಲಿ ಯೂನಿಫಾರ್ಮ್ ಹಾಕಿರೋ ಗೊಂಬೆ ನಿಲ್ಲಿಸಿದ್ದಾರೆ, ಮೊದಲು ಒಂದನ್ನ ನೋಡಿ ನನ್ನ ಮಗಳು ನಿಜವಾದ ಅಂಕಲ್ ಅಂದ್ಕೊಂಡು ನಮಸ್ತೆ ಹೇಳಿದ್ಲು. ಅತ್ತೆ ಮಾತ್ರ ಅಡುಗೆಮನೆ ಮುಂದೆ ನಿಂತೋರು ಕದಲ್ಲೇ ಇಲ್ಲ. ನಮ್ಮನೆ ದೇವರ ಕೋಣೆಯಷ್ಟಿದೆ, ಇದರಲ್ಲಿ ಎಪ್ಪತ್ತು-ಎಪ್ಪತ್ತೈದು ಜನಕ್ಕೆ ಮೂರು ಹೊತ್ತು ಹೆಂಗಪ್ಪಾ ಬೇಯಿಸ್ತಿದ್ರು ಅಂತ ಗೈಡನ್ನ ಕನ್ನಡದಲ್ಲೇ ಕೇಳ್ತಿದ್ರು, ಆತ ತೆಲುಗಲ್ಲಿ ಉತ್ತರ ಕೊಡ್ತಿದ್ರು, ಇಬ್ರಿಗೂ ಅರ್ಥ ಆಯ್ತು ಅನ್ಸುತ್ತೆ. ಗೈಡ್‌ಗಳು ನೇವಿಯಿಂದ ರಿಟೈರ್ ಆದೋರು, ಸುಮ್ನೆ ನಡ್ಕೊಂಡು ಆಚೆ ಬರಬೇಡಿ, ನಿಂತು ಕೇಳಿ. ಡೀಸೆಲ್ ಎಂಜಿನ್‌ಗೆ ಗಾಳಿ ಬೇಕು, ನೀರೊಳಗೆ ಗಾಳಿ ಎಲ್ಲಿಂದ ಬರುತ್ತೆ? ಅದಕ್ಕೇ ಮುಳುಗಿದ್ದಾಗ ಬ್ಯಾಟರಿ ಮೇಲೆ ಓಡೋದು, ಚಾರ್ಜ್ ಮಾಡೋಕೆ ಮೇಲೆ ಬರಬೇಕು ಇಲ್ಲ ಒಂದು ಕೊಳವೆನಾದ್ರೂ ನೀರಿಂದ ಮೇಲೆ ಎತ್ತಬೇಕು, ಶತ್ರು ಕಣ್ಣಿಗೆ ಬೀಳೋದು ಆಗ್ಲೇ.

ಇನ್ನು ಯುದ್ಧದ ವಿಷಯ. ಇದು ಪಾಕಿಸ್ತಾನದ ಜೊತೆಗಿನ 1971ರ ಯುದ್ಧದ ಸಬ್‌ಮೆರೀನ್ ಅಂದ ತಕ್ಷಣ ಎಷ್ಟು ಹಡಗು ಹೊಡೆದಿದೆ ಅಂತ ಎಲ್ರೂ ಕೇಳ್ತಾರೆ. ಒಂದೂ ಇಲ್ಲ. ನವೆಂಬರ್‌ನಲ್ಲೇ ಅರಬ್ಬಿ ಸಮುದ್ರಕ್ಕೆ ಗಸ್ತಿಗೆ ಹೋಯ್ತು, ಕಾಯ್ತು, ನೋಡ್ತು, ಮಾಹಿತಿನ ಕಾರಂಜ್ ಅನ್ನೋ ಇನ್ನೊಂದು ಸಬ್‌ಮೆರೀನ್‌ಗೆ ದಾಟಿಸಿ ಬಾಂಬೆಗೆ ವಾಪಸ್ ಬಂತು. ನನಗಂತೂ ಇದ್ರಿಂದ ಅದರ ಬೆಲೆ ಕಮ್ಮಿ ಆಗಿದೆ ಅನ್ಸಲ್ಲ. ಆ ಗೂಡಲ್ಲಿ ವಾರಗಟ್ಲೆ ಸದ್ದಿಲ್ದೆ ಕೂತು ಏನೂ ಹೊಡೀದೆ ಬರೋದು ಸಣ್ಣ ಕೆಲಸಾನಾ ಮಾರಾಯ್ರೆ.

ನಿಜವಾದ ರಕ್ತಪಾತ ಆಗಿದ್ದು ಬೇರೆ ಕಡೆ. ಪಾಕಿಸ್ತಾನದ ಗಾಜಿ ಸಬ್‌ಮೆರೀನು ನಮ್ಮ ವಿಕ್ರಾಂತ್ ಹಡಗನ್ನ ಹುಡುಕ್ಕೊಂಡು ಇದೇ ವೈಜಾಗ್ ತನಕ ಬಂದಿತ್ತು, ವಿಕ್ರಾಂತ್ ಅಷ್ಟೊತ್ತಿಗೆ ಅಂಡಮಾನ್ ಕಡೆ ಸೇರ್ಕೊಂಡಿತ್ತು, ಡಿಸೆಂಬರ್ 3ರ ರಾತ್ರಿ ಗಾಜಿ ಬಂದರಿನ ಹೊರಗೇ ಒಡೆದು ಮುಳುಗ್ತು, ಒಬ್ರೂ ಉಳೀಲಿಲ್ಲ. ನಮ್ಮ ರಜಪೂತ್ ಹಡಗು ಹಾಕಿದ ಡೆಪ್ತ್ ಚಾರ್ಜ್‌ನಿಂದ, ಅಂದ್ರೆ ನೀರೊಳಗೆ ಸಿಡಿಯೋ ಬಾಂಬ್‌ನಿಂದ ಅಂತ ನಮ್ಮೋರು ಹೇಳ್ತಾರೆ, ಒಳಗೇ ಸ್ಫೋಟ ಆಯ್ತು ಇಲ್ಲ ಅವರೇ ನೀರಲ್ಲಿಟ್ಟಿದ್ದ ಮೈನ್ ಸಿಡಿಗುಂಡು ತಾಗ್ತು ಅಂತ ಅವರು. ಆರು ದಿನಕ್ಕೆ, ಡಿಸೆಂಬರ್ 9ಕ್ಕೆ, ಅವರ ಹಂಗೋರ್ ಅನ್ನೋ ಸಬ್‌ಮೆರೀನು ದಿಯು ಹತ್ರ ನಮ್ಮ ಖುಕ್ರಿ ಅನ್ನೋ ಯುದ್ಧದ ಹಡಗನ್ನ ಹೊಡೆದು ಮುಳುಗಿಸ್ತು. 18 ಆಫೀಸರ್‌ಗಳು, 176 ನಾವಿಕರು ಹೋದ್ರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರ್ಲೇ ಇಲ್ಲ, ಅದರ ಜೊತೆಗೇ ಮುಳುಗಿದ್ರು.

ಇಷ್ಟು ಮನಸ್ಸಲ್ಲಿ ಇಟ್ಕೊಂಡು ಅದೇ ಬೀಚ್ ರಸ್ತೇಲಿರೋ ವಿಕ್ಟರಿ ಅಟ್ ಸೀ ಸ್ಮಾರಕಕ್ಕೆ ಹೋಗಿ, ನೀವು ಕೇಳಿದ ವಾರ್ ಮೆಮೋರಿಯಲ್ ಅದೇ, 1996ರಲ್ಲಿ ಕಟ್ಟಿದ್ದು. ಗೊತ್ತಿಲ್ದೆ ಹೋದ್ರೆ ಅದು ಬರೀ ಸೆಲ್ಫಿ ಜಾಗ, ಹತ್ತು ನಿಮಿಷದಲ್ಲಿ ಬೋರ್ ಹೊಡಿಯುತ್ತೆ, ನಮ್ಮ ಪಕ್ಕದಲ್ಲಿ ನಿಂತೋರು ಅದರ ಮುಂದೆ ಮುರಿಮಿಕ್ಸ್ಚರ್ (ಅಲ್ಲಿನ ಚುರುಮುರಿ) ತಿಂದು ಪೇಪರ್ ಅಲ್ಲೇ ಎಸೆದು ಹೋದ್ರು, ಸಿಟ್ಟು ಬಂತು. ಕರಾಚಿ ಮೇಲೆ ನಮ್ಮ ಮಿಸೈಲ್ ಬೋಟ್‌ಗಳು ದಾಳಿ ಮಾಡಿದ್ದು ಡಿಸೆಂಬರ್ 4ರ ರಾತ್ರಿ, ಅದಕ್ಕೇ ಅವತ್ತು ನೌಕಾಪಡೆ ದಿನ, ಆ ದಿನ ಇಲ್ಲಿ ಹೂಗುಚ್ಛ ಇಡ್ತಾರೆ. ಸಬ್‌ಮೆರೀನ್ ಎದುರಿಗೇ ರಸ್ತೆ ಆಚೆ ಟಿಯು-142 ವಿಮಾನದ ಮ್ಯೂಸಿಯಂ ಇದೆ, 2017ರದ್ದು. ಸಬ್‌ಮೆರೀನ್ ಬೇಟೆ ಆಡೋ ವಿಮಾನಾನ ಸಬ್‌ಮೆರೀನ್ ಎದುರಿಗೇ ತಂದು ಕೂರಿಸಿದ್ದಾರೆ ನೋಡಿ. ನಿಮ್ಮ ಮಕ್ಕಳಿಗೆ ಅದು ಇಷ್ಟ ಆಗುತ್ತೆ.

ನಿಮ್ಮ ಅಪ್ಪಾಜಿಗೆ ಮಂಡಿ ನೋವಿದ್ರೆ ಒಳಗೆ ಕರ್ಕೊಂಡು ಹೋಗೋ ಹಠ ಬೇಡ, ಆ ಗುಂಡು ಬಾಗಿಲುಗಳು ಕಷ್ಟ, ಮಧ್ಯದಿಂದ ವಾಪಸ್ ಬರೋಣ ಅಂದ್ರೆ ಹಿಂದೆ ಜನ ಇರ್ತಾರೆ. ಹೊರಗಿಂದ ಸುತ್ತು ಹಾಕಿಸಿ, ಆಮೇಲೆ ಸ್ಮಾರಕದ ಹತ್ರ ಆರಾಮಾಗಿ ಕೂರಲಿ. ಸಬ್‌ಮೆರೀನ್‌ಗೆ ಸೋಮವಾರ ರಜಾ, ಅರಕುನ ಅವತ್ತಿಗೆ ಇಟ್ಕೊಳ್ಳಿ. ಟಿಕೆಟ್ ಸಿಗದೆ ವೈಜಾಗೇ ಕ್ಯಾನ್ಸಲ್ ಆದ್ರೆ ನಮ್ಮ ಕಾರವಾರ ಇದೆ, ಪಂಚಗಂಗಾ ಎಕ್ಸ್‌ಪ್ರೆಸ್ ಹಾಸನದ ಮೇಲೇ ಹೋಗುತ್ತೆ, ಟ್ಯಾಗೋರ್ ಬೀಚಲ್ಲಿ ಚಪಲ್ ಅನ್ನೋ ಮಿಸೈಲ್ ಬೋಟ್ ಇಟ್ಟಿದ್ದಾರೆ. ಅದು 1971ರ ಯುದ್ಧದ್ದಲ್ಲ, 1976ರಲ್ಲಿ ಸೇರಿದ್ದು, ಆದ್ರೂ ಮಕ್ಕಳಿಗೆ ತೋರಿಸೋಕೆ ಚೆನ್ನಾಗಿದೆ.