ಬೈತಖೋಲದ ಬೋಟುಗಳಿಂದ ಶುರು ಮಾಡಿ

ಆತ್ಮೀಯರೇ,

ಕಾರವಾರದ ಬಂದರು ಮತ್ತು ಅಲ್ಲಿನ ಕಡಲಜೀವಿಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೊನೆಯವರೆಗೆ ಕಾಯಿಸಿ ಹೇಳುವುದಕ್ಕಿಂತ ಮೊದಲೇ ಹೇಳಿಬಿಡುವುದು ಒಳ್ಳೆಯದು, ಅಲ್ವಾ? ಆದರೆ ತಿದ್ದಿ ಕೊಟ್ಟರೆ ಖಂಡಿತ ಮತ್ತೆ ನೋಡುತ್ತೇನೆ. ಅದಕ್ಕೆ ಕಾರಣ ನಿಮ್ಮ ಆರನೇ ಪುಟ.

ಅಲ್ಲಿಗೆ ಹೋಗುವ ಮೊದಲು ಒಂದನೇ ಪುಟದ ಜಗಳ ಮುಗಿಸೋಣ. "ಕರ್ನಾಟಕದ ಕಾಶ್ಮೀರ" ಎಂದು ಶುರು ಮಾಡಿದ್ದೀರಿ. ಎರಡನೇ ಪ್ಯಾರಾಕ್ಕೆ ರವೀಂದ್ರನಾಥ ಟಾಗೋರರು ಬಂದರು. ಕಾರವಾರದ ಬಗ್ಗೆ ನಮಗೆ ಬರುವ ಲೇಖನಗಳಲ್ಲಿ ಈ ಎರಡು ಯಾವಾಗಲೂ ಬಾಗಿಲಲ್ಲೇ ನಿಂತಿರುತ್ತವೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್ ಆಗಿದ್ದಾಗ, 1880ರ ದಶಕದಲ್ಲಿ, ಟಾಗೋರರು ಬಂದು ಉಳಿದದ್ದು ನಿಜ. ಬೀಚಿಗೆ ಅವರ ಹೆಸರೂ ಇದೆ. ಆದರೆ ನಿಮ್ಮ ಬಂದರಿಗೂ ಮೀನಿಗೂ ಅವರಿಂದ ಏನೂ ಆಗಬೇಕಾಗಿಲ್ಲ. ಕಾಶ್ಮೀರವನ್ನಂತೂ ಬಿಟ್ಟೇಬಿಡಿ. ಕಡಲೇ ಇಲ್ಲದ ಜಾಗಕ್ಕೆ ಬಂದರನ್ನು ಹೋಲಿಸಿ ಏನು ಸಿಕ್ಕಿತು?

ಈಗ ಆರನೇ ಪುಟ. ಗಾಳಿಮಳೆ ಎದ್ದ ದಿನ ನೀವು ಕಾರವಾರದ ಬಂದರು ಇರುವ ಬೈತಖೋಲದಲ್ಲಿ ನಿಂತಿದ್ದಿರಿ. ಗೋವಾ, ತಮಿಳುನಾಡು, ಗುಜರಾತಿನ ಬೋಟುಗಳು ಲಂಗರು ಹಾಕಿ ಸಾಲಾಗಿ ನಿಂತಿದ್ದವು. ಒಂದು ಬೋಟಿನ ಮೇಲೆ ಯಾರೋ ಅನ್ನ ಬಸಿಯುತ್ತಿದ್ದರು. ಇಷ್ಟು ಬರೆದು ನಾಲ್ಕೇ ಸಾಲಿಗೆ ಬಿಟ್ಟು ಸೂರ್ಯಾಸ್ತಕ್ಕೆ ಓಡಿಬಿಟ್ಟಿರಿ! ಲೇಖನ ಇದ್ದದ್ದೇ ಅಲ್ಲಿ. ಅಷ್ಟು ದೂರದ ಬೋಟುಗಳು ಇಲ್ಲಿಗೇ ಯಾಕೆ ಬಂದವು? ಈ ಒಂದು ಪ್ರಶ್ನೆ ಹಿಡಿದುಕೊಂಡರೆ ನೀವು ಹೇಳಬೇಕೆಂದಿರುವುದೆಲ್ಲ ಹಿಂದೆ ಹಿಂದೆಯೇ ಬರುತ್ತದೆ.

ಕಾರವಾರದಲ್ಲಿ ಘಟ್ಟ ಕಡಲಿಗೆ ತೀರಾ ಹತ್ತಿರ ಬಂದುಬಿಡುತ್ತದೆ. ಬೈತಖೋಲದ ಹತ್ತಿರ ಗುಡ್ಡದ ಒಂದು ಮೂಗು ನೀರಿನೊಳಕ್ಕೇ ಚಾಚಿದೆ. ಮಳೆಗಾಲದ ದೊಡ್ಡ ಅಲೆಗಳು ನೈಋತ್ಯದಿಂದ, ಪಶ್ಚಿಮದಿಂದ ಬರುತ್ತವೆ. ನೈಋತ್ಯದ ಹೊಡೆತವನ್ನು ಈ ಮೂಗು ತಾನೇ ತಿನ್ನುತ್ತದೆ. ಹೊರಗಡೆ ದೇವಗಡ, ಕೂರ್ಮಗಡ, ದಕ್ಷಿಣಕ್ಕೆ ಅಂಜುದೀವ್ ನಡುಗಡ್ಡೆಗಳು ಒಂದಿಷ್ಟು ಅಲೆ ಮುರಿಯುತ್ತವೆ. ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸದಾಶಿವಗಡದ ಗುಡ್ಡ. ಮನುಷ್ಯರು ಕಟ್ಟಿದ ತಡೆಗೋಡೆ ಆಮೇಲೆ ಬಂದದ್ದು. ನೀವು "ಇಲ್ಲಿ ಕಡಲು ಸ್ವಭಾವತಃ ಶಾಂತ" ಎಂದು ಬರೆದಿದ್ದೀರಿ. ಕಡಲು ಎಲ್ಲ ಕಡೆ ಒಂದೇ. ಇಲ್ಲಿ ಅಡ್ಡ ನಿಲ್ಲುವವರು ಇದ್ದಾರೆ, ಅಷ್ಟೇ. 2019ರ ಅಕ್ಟೋಬರಿನಲ್ಲಿ 'ಕ್ಯಾರ್' ಚಂಡಮಾರುತ ಎದ್ದಾಗಲೂ ಹೊರರಾಜ್ಯದ ಬೋಟುಗಳು ಇದೇ ಮೂಗಿನ ಮರೆಗೆ ಬಂದು ನಿಂತಿದ್ದವು.

ನೀವು ಹುಬ್ಬಳ್ಳಿಯವರು ಎಂದು ಪತ್ರದಲ್ಲಿ ಬರೆದಿದ್ದೀರಿ. ಹಾಗಾದರೆ ನಿಮಗೊಂದು ಒಳದಾರಿ ಇದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿಗೆ ಸೇರಿಸಿದ್ದರ ಹಿಂದೆ ನಿಮ್ಮ ಕಡೆಯ ಹತ್ತಿ ಇತ್ತು. ಧಾರವಾಡ ಸೀಮೆಯ ಹತ್ತಿಯನ್ನು ಈ ಬಂದರಿನಿಂದ ಹಡಗಿಗೆ ಹಾಕುವ ಆಸೆ ಇತ್ತು. ಕೊನೆಗೆ ರೈಲು ಹೋದದ್ದು ಗೋವಾದ ಮುರಗಾಂವಿಗೆ. ಎರಡು ಸಾಲು ಸಾಕು, ಇದಕ್ಕಿಂತ ಜಾಸ್ತಿ ಬೇಡ.

ಜೀವಿಗಳ ಭಾಗದಲ್ಲಿ ಮೂರು ತಪ್ಪುಗಳಿವೆ. ಬಂದರಿನ ತಳದಲ್ಲಿ "ಬಣ್ಣಬಣ್ಣದ ಹವಳದ ತೋಟ" ಎಂದಿದ್ದೀರಿ. ಅದು ಮುರ್ಡೇಶ್ವರದ ಆಚೆಯ ನೇತ್ರಾಣಿ ನಡುಗಡ್ಡೆಯ ಚಿತ್ರ. ಎರಡು ಪ್ರವಾಸದ ಟಿಪ್ಪಣಿ ಬೆರೆತುಹೋಗಿದೆ ಅನ್ನಿಸುತ್ತದೆ. ಕಾಳಿ ಸುಮಾರು 184 ಕಿ.ಮೀ. ಹರಿದು ಬಂದು ಮಣ್ಣು, ಎಲೆ, ಕಸ ಎಲ್ಲವನ್ನೂ ಇಲ್ಲಿ ಸುರಿಯುತ್ತದೆ. ಇಂಥ ಕದಡು ನೀರು ಹವಳಕ್ಕೆ ಆಗಿಬರುವುದಿಲ್ಲ. ಆದರೆ ಆ ಕದಡೇ ಇಲ್ಲಿನ ಸಂಪತ್ತು. ಮಳೆಗಾಲದಲ್ಲಿ ಕೊಲ್ಲಿಯ ನೀರು ಕೆಂಪಗಾಗುತ್ತದೆ. ಸಿಹಿನೀರು ಹಗುರ, ಮೇಲೆ ತೇಲುತ್ತದೆ, ಉಪ್ಪುನೀರು ಅಡಿಯಲ್ಲಿ ಉಳಿಯುತ್ತದೆ. ಅದೇ ಹೊತ್ತಿಗೆ ಹೊರಗಿನ ಕಡಲಲ್ಲಿ ಆಳದ ತಣ್ಣೀರು ಗೊಬ್ಬರದಂಥ ಸತ್ವ ಹೊತ್ತು ಮೇಲೇಳುತ್ತದೆ. ಬರಿಗಣ್ಣಿಗೆ ಕಾಣದ ಪ್ಲವಕಗಳು, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು, ಹೆಚ್ಚುತ್ತವೆ. ಅವನ್ನು ತಿನ್ನಲು ತಾರ್ಲೆ, ಬಂಗಡೆ ಮೀನುಗಳು ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧದಿಂದ ಯಾಂತ್ರಿಕ ಬೋಟುಗಳು ದಡದಲ್ಲೇ ನಿಂತಿರುವಾಗ ನೀರಿನಡಿಯಲ್ಲಿ ನಡೆಯುವ ಕೆಲಸ ಇದು. ನಿಮ್ಮ ಲೇಖನದಲ್ಲಿ ಮಳೆಗಾಲ ಎಂದರೆ ಬರೀ ಕಪ್ಪು ಮೋಡ.

ಹೇಳಿದ ಹಾಗೆ, ನೀವು "ಬೂತಾಯಿ" ಎಂದು ಬರೆದಿದ್ದೀರಿ. ಅದು ಮಂಗಳೂರಿನ ಮಾತು. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ತಾರ್ಲೆ. ಸಣ್ಣ ವಿಷಯ ಅನ್ನಬೇಡಿ. ಅಲ್ಲಿಯ ಓದುಗರು ಮೊದಲು ನಗುವುದು ಇದಕ್ಕೇ.

ಎರಡನೆಯದು ಡಾಲ್ಫಿನ್. "ಆಕಾಶಕ್ಕೆ ಚಿಮ್ಮಿ ನಲಿಯುವ" ಡಾಲ್ಫಿನ್ ನೀವು ಟೀವಿಯಲ್ಲಿ ನೋಡಿದ್ದಿರಬೇಕು. ಇಲ್ಲಿ ದಡದ ಹತ್ತಿರ ಸಿಗುವುದು ಗೂನುಬೆನ್ನಿನ ಡಾಲ್ಫಿನ್. ಅದಕ್ಕೆ ಬೇಕಾದದ್ದು ಆಳವಿಲ್ಲದ ನೀರು, ಅಳಿವೆಯ ಮೀನು. ಸಾಮಾನ್ಯವಾಗಿ ಅದು ಜಿಗಿಯುವುದು ಕಡಿಮೆ. ಬೆನ್ನಿನ ಗೂನು ಮೇಲೆ ಬರುತ್ತದೆ, ಫುಸ್ ಎಂದು ಉಸಿರು ಬಿಡುತ್ತದೆ, ಮುಳುಗುತ್ತದೆ. ಎಂಜಿನ್ ಆಫ್ ಮಾಡಿದ ಬೋಟಿನಲ್ಲಿ ಆ ಉಸಿರು ಕೇಳಿದವರು ಜಿಗಿತದ ಬಗ್ಗೆ ಬರೆಯುವುದಿಲ್ಲ.

ಮೂರನೆಯದು ತಪ್ಪಲ್ಲ, ಅವಸರ. ದೇವಬಾಗದ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುವುದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಚಳಿಗಾಲದ ರಾತ್ರಿ ಬಂದು ಒಂದು ಗುಂಡಿಗೆ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತದೆ. ಒಂದೂವರೆ ಎರಡು ತಿಂಗಳಿಗೆ ಮರಿ ಹೊರಬಂದು ಬೆಳಕು ಕಂಡ ಕಡೆ ಓಡುತ್ತದೆ. ಆ ಬೆಳಕು ಕಡಲಿನದಾಗಿರಬೇಕು. ರೆಸಾರ್ಟಿನ ಬಲ್ಬಿನದಾದರೆ ಮರಿ ದಾರಿ ತಪ್ಪಿತು. ಆಮೆಯ ಆಕಾರದ ಕೂರ್ಮಗಡವನ್ನು ಎರಡು ಪ್ಯಾರಾ ವರ್ಣಿಸಿ ನಿಜವಾದ ಆಮೆಗೆ ಒಂದೇ ಸಾಲು ಕೊಟ್ಟರೆ ಹೇಗೆ?

ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಭಾಗ ಚೆನ್ನಾಗಿದೆ. ಬೇರುಗಳ ನಡುವೆ ಸಿಗಡಿ ಮರಿ, ಏಡಿ, ಕೆಸರಲ್ಲಿ ನೀರುನಾಯಿಯ ಹೆಜ್ಜೆ, ಎಲ್ಲವನ್ನೂ ಕಣ್ಣಾರೆ ನೋಡಿ ಬರೆದದ್ದು ಗೊತ್ತಾಗುತ್ತದೆ. ಒಂದಕ್ಷರ ಮುಟ್ಟಬೇಡಿ.

ಒಂಬತ್ತನೇ ಪುಟದಲ್ಲಿ ಮಾತ್ರ ಬೆಚ್ಚಿಬಿದ್ದೆ. "ಕಾಳಿಯ ಹಳೆ ಸೇತುವೆ ಮೇಲೆ ನಿಂತು ಸಂಗಮ ನೋಡಿ" ಎಂದು ಓದುಗರನ್ನು ಕರೆದಿದ್ದೀರಿ. ಆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ನದಿಗೆ ಬಿತ್ತು! ಟಿಪ್ಪಣಿ ಹಳೆಯದಾದರೆ ತೊಂದರೆ ಇಲ್ಲ, ಯಾವ ವರ್ಷದ್ದು ಎಂದು ಬರೆಯಿರಿ. ಸುಮ್ನೆ "ಇಂದಿಗೂ" ಎಂದು ಹಾಕಬೇಡಿ.

ಕೊನೆಯ ಎರಡು ಪುಟದ ಪರಿಸರ ಉಪದೇಶ ಪೂರ್ತಿ ತೆಗೆಯಿರಿ. ಅದರ ಬದಲು 2020ರ ಜನವರಿಯಲ್ಲಿ ಬಂದರು ವಿಸ್ತರಣೆ ಬೇಡವೆಂದು ಇಲ್ಲಿಯ ಮೀನುಗಾರರು ಬೀದಿಗಿಳಿದದ್ದನ್ನು ಬರೆಯಬಹುದು. ಊರಿಗೆ ಊರೇ ಸೇರಿ ರಂಪಣಿ ಬಲೆ ಎಳೆಯುತ್ತಿದ್ದ ದಡದಲ್ಲಿ ಹೊಸ ತಡೆಗೋಡೆ ಬಂದರೆ ಅವರಿಗೆ ಏನು ಕಳೆದುಹೋಗುತ್ತದೆ ಎಂದು ಅವರನ್ನೇ ಕೇಳಿ.

ಹದಿಮೂರು ಪುಟ ಏಳಕ್ಕೆ ಇಳಿಯಲಿ. ತಿಂಗಳೊಳಗೆ ಕಳಿಸಿದರೆ ಸಾಕು. ಆ ಅನ್ನ ಬಸಿಯುತ್ತಿದ್ದವರು ಯಾವ ಊರಿನವರು? ಮಾತಾಡಿಸಿದ್ದಿರಾ?