ಜಿಟ್ಸಿಯಲ್ಲಿ ಮೂರನೆಯವರು ಬಂದರೆ ಪರದೆ ಕಪ್ಪು: ಪ್ರತಿಕ್ರಿಯೆ

ಸ್ವಂತ ಸರ್ವರ್‌ನಲ್ಲಿ ಜಿಟ್ಸಿ ಮೀಟ್ (ವಿಡಿಯೊ ಮೀಟಿಂಗ್ ತಂತ್ರಾಂಶ) ಹಾಕಿದ್ದೀರಿ, ಇಬ್ಬರಿದ್ದಾಗ ಸರಿ, ಮೂರನೆಯವರು ಸೇರಿದ ಕೂಡಲೇ ಚಿತ್ರ, ದನಿ ಎರಡೂ ಮಾಯ ಅಂದಿರಲ್ಲ, ಇದು ತುಂಬ ಜನಕ್ಕೆ ಬರುವ ತೊಂದರೆ. ಜಿಟ್ಸಿ ಬಿಟ್ಟು ಬೇರೆ ಹುಡುಕುವ ಮೊದಲು ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಕಾವಲು) ನೋಡಿ.

ಇಬ್ಬರೇ ಇದ್ದಾಗ ಸಾಮಾನ್ಯವಾಗಿ ಬ್ರೌಸರ್‌ಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಸರ್ವರ್ ಪರಿಚಯ ಮಾಡಿಸಿ ಪಕ್ಕಕ್ಕೆ ಸರಿಯುತ್ತದೆ. ಮೂರನೆಯವರು ಬಂದರೆ ಎಲ್ಲವೂ ಸರ್ವರ್‌ನಲ್ಲಿರುವ ವಿಡಿಯೊಬ್ರಿಜ್ ಎಂಬ ಜಿಟ್ಸಿಯ ಭಾಗದ ಮೂಲಕವೇ ಹೋಗಬೇಕು. ಅದಕ್ಕೆ ಸರ್ವರ್‌ನ 10000 ಪೋರ್ಟ್ (ನಂಬರು ಹಾಕಿದ ಬಾಗಿಲು ಇದ್ದಂತೆ) ತೆರೆದಿರಬೇಕು, ಅದೂ ಯುಡಿಪಿಯಲ್ಲಿ (ದನಿ, ಚಿತ್ರವನ್ನು ಬೇಗ ಕಳಿಸುವ ವಿಧಾನ). ಹೆಚ್ಚಿನವರು ವೆಬ್‌ಗೆ ಬೇಕಾದ 80, 443 ತೆರೆದು ಸುಮ್ನಾಗುತ್ತಾರೆ. ಸರ್ವರ್ ರೂಟರ್ ಹಿಂದಿದ್ದರೆ ಪೋರ್ಟ್ ಫಾರ್ವರ್ಡ್ ಮಾಡಿ, ಹೊರಗಿನ ಐಪಿ ವಿಳಾಸವನ್ನು ಬ್ರಿಜ್‌ನ ಸೆಟ್ಟಿಂಗ್‌ನಲ್ಲೂ ಕೊಡಿ.

ಜಿಟ್ಸಿಯ ಬದಲು ಬಳಸುವ ಬಿಗ್‌ಬ್ಲೂಬಟನ್ ಕೂಡ ಚೆನ್ನಾಗಿದೆ. ಆದರೆ ಅದು ಪಾಠ ಮಾಡುವವರಿಗಾಗಿ ಮಾಡಿದ್ದು. ನಾಲ್ಕು ಜನರ ಮೀಟಿಂಗ್‌ಗೆ ಅಷ್ಟು ಭಾರ ಯಾಕೆ, ಅಲ್ವಾ?

ಮಾಮೂಲಿ ಫೋನಿಗೂ ಕರೆ ಹೋಗಬೇಕು ಅಂದಿದ್ದೀರಿ. ಅದಕ್ಕೆ ಫೋನ್ ಕರೆ ನಿಭಾಯಿಸುವ ಆಸ್ಟರಿಸ್ಕ್ ಸಾಕು. ತಂತ್ರಾಂಶ ಪುಕ್ಕಟೆ, ಆದರೆ ಫೋನ್ ಜಾಲಕ್ಕೆ ಸೇರಿಸುವ ಸಿಪ್ ಟ್ರಂಕ್‌ಗೆ ದುಡ್ಡು ಕೊಡಬೇಕಾಗುತ್ತದೆ. ಆಸ್ಟರಿಸ್ಕನ್ನು ಜಿಟ್ಸಿಗೆ ಜೋಡಿಸಲು ಜಿಗಾಸಿ ಎಂಬ ಜಿಟ್ಸಿಯದೇ ತಂತ್ರಾಂಶ ಇದೆ. ಒಂದು ಎಚ್ಚರ: ಆಸ್ಟರಿಸ್ಕ್‌ನ ಮಾದರಿ ಸೆಟ್ಟಿಂಗ್‌ನಲ್ಲಿ ದನಿಗೆ 10000ದಿಂದ 20000ದವರೆಗಿನ ಪೋರ್ಟ್‌ಗಳಿರುತ್ತವೆ. ಒಂದೇ ಯಂತ್ರದಲ್ಲಿ ಎರಡನ್ನೂ ಹಾಕಿದರೆ 10000 ಪೋರ್ಟ್‌ಗಾಗಿ ಜಗಳ ಶುರು. ಆಸ್ಟರಿಸ್ಕ್‌ನ ಆರ್‌ಟಿಪಿ (ದನಿ ಸಾಗಿಸುವ ವಿಧಾನ) ಸೆಟ್ಟಿಂಗ್‌ನಲ್ಲಿ ಮೊದಲ ಪೋರ್ಟನ್ನು 10100ಕ್ಕೆ ಬದಲಿಸಿ, ಫೈರ್‌ವಾಲ್‌ನಲ್ಲೂ ಆಸ್ಟರಿಸ್ಕ್‌ಗೆ 10100ರಿಂದ 20000ದವರೆಗೆ ತೆರೆಯಿರಿ.