ನೀರಿನ ಗುಂಡಿಯ ಬಳಿ ಎಷ್ಟು ದೂರದಲ್ಲಿ ಕೂರಬೇಕು?

ರಜೆಯಲ್ಲಿ ಮರುಭೂಮಿಗೆ ಹೊರಟಿರುವ ನೀವು, ಹಗಲೆಲ್ಲ ಅಲೆಯುವ ಬದಲು ನೀರಿನ ಗುಂಡಿಯ ಅಂಚಿನಲ್ಲೇ ಕುಳಿತು ಹಕ್ಕಿಗಳನ್ನು ನೋಡಬಹುದೇ, ಅದಕ್ಕಾಗಿ ಹೆಚ್ಚು ವರ್ಧನೆಯ ದುರ್ಬೀನು ಕೊಳ್ಳಬೇಕೇ ಎಂದು ಕೇಳಿದ್ದೀರಿ.

ಕಾಯುವ ವಿಚಾರ ಒಳ್ಳೆಯದೇ, ಆದರೆ ಅಂಚಿನಲ್ಲಿ ಕೂರುವುದನ್ನು ನಾನು ಒಪ್ಪಲಾರೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಗಾಳಿಯ ಬಿಸಿ ಅವುಗಳ ಮೈಬಿಸಿಯನ್ನು, ಅಂದರೆ ಸುಮಾರು 41 ಡಿಗ್ರಿ ಸೆಲ್ಸಿಯಸ್ಸನ್ನು, ದಾಟಿದ ಮೇಲೆ ಏದುಸಿರು ಬಿಟ್ಟು ಮೈಯೊಳಗಿನ ನೀರನ್ನು ಆವಿಯಾಗಿಸಿಯೇ ಅವು ತಣಿಯಬೇಕು. ಅಂಥ ನೆಲದಲ್ಲಿ ಒಣ ಬೀಜ ತಿಂದು ಬದುಕುವ ಸ್ಯಾಂಡ್‌ಗ್ರೌಸ್ ಹಕ್ಕಿಗಳು ಹತ್ತಾರು ಕಿಲೋಮೀಟರ್ ಹಾರಿ ನೀರಿಗೆ ಬರುತ್ತವೆ. ಹೆಚ್ಚಿನ ಪ್ರಭೇದಗಳು ಬೆಳಿಗ್ಗೆ, ಕೆಲವು ಮುಸ್ಸಂಜೆಗೆ. ಮರಿಗಳಿರುವ ಗಂಡು ಕುಡಿದು ಹೊರಟುಬಿಡುವುದಿಲ್ಲ. ಅದು ನೀರಿಗಿಳಿದು ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಹಾರಿಹೋಗುತ್ತದೆ, ಮರಿಗಳು ಆ ಗರಿಗಳನ್ನು ಕೊಕ್ಕಿನಿಂದ ಹಿಂಡಿ ನೀರು ಕುಡಿಯುತ್ತವೆ. ಇಂಗ್ಲೆಂಡಿನ ಪಕ್ಷಿತಜ್ಞ ಮೀಡ್-ವಾಲ್ಡೊ 1896ರಲ್ಲಿ ಇದನ್ನು ವರದಿ ಮಾಡಿದಾಗ ಅನೇಕರು ನಂಬಲಿಲ್ಲ. 1967ರಲ್ಲಿ ಪಕ್ಷಿವಿಜ್ಞಾನಿಗಳಾದ ಕೇಡ್ ಮತ್ತು ಮ್ಯಾಕ್ಲೀನ್ ಅವರ ಅಧ್ಯಯನ ಅದನ್ನು ದೃಢಪಡಿಸಿತು. ನಿಮ್ಮನ್ನು ಕಂಡು ಬೆದರಿ ಆ ಗಂಡು ಗರಿ ನೆನೆಸಿಕೊಳ್ಳದೆ ಮರಳಿದರೆ, ಅದರ ಬೆಲೆ ತೆರುವವು ನೀವೆಂದೂ ಕಾಣದ ಮರಿಗಳು. ಆದ್ದರಿಂದ ಹಕ್ಕಿಗಳು ಬರುವ ಮೊದಲೇ ಹೋಗಿ, ನೂರು ಮೀಟರಿಗೂ ಆಚೆ ಕುಳಿತು, ಅವು ಹೋಗುವವರೆಗೂ ಮೇಲೇಳದಿರಿ. ಹಿಂಡು ಇಳಿಯದೆ ಮೇಲೆಯೇ ಸುತ್ತುತ್ತಿದ್ದರೆ ನೀವಿನ್ನೂ ಹತ್ತಿರದಲ್ಲಿದ್ದೀರಿ ಎಂದೇ ಅರ್ಥ.

ನೀರಿನ ಬಳಿ ಎಲ್ಲ ಹಕ್ಕಿಗಳೂ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಮರುಭೂಮಿಯ ನೆಲದಲ್ಲಿ ಓಡಾಡುವ ಹೂಪೂ ಲಾರ್ಕ್‌ನಂಥ ಕೀಟಾಹಾರಿ ಹಕ್ಕಿಗಳು ಬೇಕಾದ ತೇವವನ್ನು ಬಹುಮಟ್ಟಿಗೆ ಆಹಾರದಿಂದಲೇ ಪಡೆಯುತ್ತವೆ. ಅವುಗಳನ್ನು ನೋಡಬೇಕಾದರೆ ನಸುಕಿನಲ್ಲಿ ನಡೆಯಬೇಕು. ಅರೇಬಿಯಾದ ಉರಿಬಿಸಿಲಿನಲ್ಲಿ ಇದೇ ಲಾರ್ಕ್ ಹಲ್ಲಿಗಳ ಬಿಲಗಳಲ್ಲಿ ಹೊಕ್ಕು ಕೂರುವುದು ದಾಖಲಾಗಿದೆ. ಮಧ್ಯಾಹ್ನ ಹುಡುಕಿಕೊಂಡು ಅಲೆಯುವುದು ವ್ಯರ್ಥ ಎನ್ನಲು ಬೇರೆ ಕಾರಣ ಬೇಕಿಲ್ಲ. ನಡೆಯುವಾಗ ಬರಿನೆಲದ ಮೇಲೆ ಕದಲದೆ ನಿಂತ ಹಕ್ಕಿ ಕಂಡರೆ, ಅದು ಮೊಟ್ಟೆಗಳಿಗೆ ನೆರಳಾಗಿ ನಿಂತಿರಬಹುದು. ಕೂಡಲೇ ಹಿಂದೆ ಸರಿಯಿರಿ, ಏಕೆಂದರೆ ಬಿಸಿಲೇರಿದ ಮೇಲೆ ತೆರೆದುಬಿದ್ದ ಮೊಟ್ಟೆಗಳು ಬಹುಬೇಗ ಕೆಡುತ್ತವೆ.

ದುರ್ಬೀನಿನ ಮಟ್ಟಿಗೆ, 8 ಪಟ್ಟು ವರ್ಧನೆ ಸಾಕು. ನೆಲ ಕಾದ ಮೇಲೆ ಗಾಳಿಯ ಅಲೆಗಳಲ್ಲಿ ದೃಶ್ಯ ನಡುಗುತ್ತದೆ, ವರ್ಧನೆ ಹೆಚ್ಚಿದಷ್ಟೂ ಆ ನಡುಕವೂ ದೊಡ್ಡದಾಗಿ ಕಾಣುತ್ತದೆ.